ಅಂಕಲ್ ಮೊದಲು ಸೋದರಮಾವನಾಗಿದ್ದ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷದಲ್ಲಿ ಹೊರಬರುತ್ತಿರುವ ಈ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಅನೇಕರಿದ್ದಾರೆ. ನಾನು ಇಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಆದ್ದರಿಂದ ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದ, ನಲವತ್ತೈದು ನಿಮಿಷದ ಅವಧಿಯಲ್ಲಿ ಪೂರ್ತಿ ಉತ್ತರಿಸಲಾಗದೆ ಹೋಗುತ್ತಿದ್ದ ಒಂದು ಪ್ರಶ್ನೆಯನ್ನೇ ಇಲ್ಲಿ ಎತ್ತಿಕೊಳ್ಳುತ್ತೇನೆ.

ಪ್ರಶ್ನೆ ಇದು: ನಮಗೆ ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ಇಂಗ್ಲಿಷಿನವರು ಇವರೆಲ್ಲರನ್ನೂ ‘ಅಂಕಲ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರಲ್ಲ, ಅವರಿಗೆ ಸಂಬಂಧಗಳೇ ಇಲ್ಲವೇ?

ಇಂಗ್ಲಿಷರಿಗೆ ಬಂಧುಬಳಗದ ಬೆಲೆ ಗೊತ್ತಿಲ್ಲ, ಅದಕ್ಕೇ ಮಾತುಗಳಿಲ್ಲ ಎಂದು ನಮ್ಮಲ್ಲಿ ಹಲವರು ಹೇಳುವುದುಂಟು. ಅದು ನಿಜವಲ್ಲ. ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿನಲ್ಲಿ ತಂದೆಯ ಅಣ್ಣತಮ್ಮಂದಿರಿಗೆ ಒಂದು ಮಾತು, ತಾಯಿಯ ಅಣ್ಣತಮ್ಮಂದಿರಿಗೆ ಇನ್ನೊಂದು ಮಾತು ಇದ್ದವು. ಅತ್ತೆ ಬೇರೆ, ಚಿಕ್ಕಮ್ಮ ಬೇರೆ ಇದ್ದರು. ಆ ಮಾತುಗಳು ಹೇಗೆ ಬಂದವು, ಹೇಗೆ ಹೋದವು ಎಂಬುದೇ ಈ ಲೇಖನದ ವಿಷಯ.

ಒಲೆಯ ಮುಂದಿನ ಹಳೆಯ ಮಾತುಗಳು

ಫಾದರ್, ಮದರ್, ಬ್ರದರ್, ಸಿಸ್ಟರ್, ಸನ್, ಡಾಟರ್. ಈ ಆರು ಮಾತುಗಳು ಇಂಗ್ಲಿಷಿನ ಅತ್ಯಂತ ಹಳೆಯ ಆಸ್ತಿ. ಸಂಸ್ಕೃತದ ಪಿತೃ, ಮಾತೃ, ಭ್ರಾತೃ, ಸ್ವಸೃ, ಸೂನು, ದುಹಿತೃ ಎಂಬ ಮಾತುಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ತಾನಾಗಿಯೇ ಕಾಣುತ್ತದೆ. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕು, ಇಂಗ್ಲಿಷಿನ ಪೂರ್ವಜರ ಗುಂಪಾದ ಗಾಥಿಕ್ ಭಾಷೆಯೂ ಅದೇ ಬಳಗದ್ದಿರಬಹುದು ಎಂದು ಹೇಳಿದರು.

ಪಿತೃವಿನ ‘ಪ’ ಕಾರ ಫಾದರಿನಲ್ಲಿ ‘ಫ’ ಆದದ್ದು ಹೇಗೆ? ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಇದಕ್ಕೆ ಒಂದು ನಿಯಮವನ್ನೇ ಬರೆದರು. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರಲ್ಲಿ ಇವರೇ ಹಿರಿಯರು. ಪಾದ–ಫುಟ್, ಪಂಚ–ಫೈವ್, ತ್ರಯ–ಥ್ರೀ, ದಂತ–ಟೂತ್ ಎಂಬ ಜೋಡಿಗಳನ್ನು ನೋಡಿದರೆ ಆ ನಿಯಮ ಹೈಸ್ಕೂಲಿನ ಮಕ್ಕಳಿಗೂ ಅರ್ಥವಾಗುತ್ತದೆ.

ಆದರೆ ಒಂದು ಗಂಟು ಉಳಿದಿತ್ತು. ಹಳೆಯ ಇಂಗ್ಲಿಷಿನಲ್ಲಿ ಅಣ್ಣತಮ್ಮಂದಿರಿಗೆ ‘ಬ್ರೋಥೊರ್’ ಎನ್ನುತ್ತಿದ್ದರು. ನಿಯಮದಂತೆ ‘ತ’ ಹೋಗಿ ‘ಥ’ ಬಂದಿತ್ತು. ತಂದೆಗೆ ಮಾತ್ರ ‘ಫ್ಯಾಡೆರ್’, ತಾಯಿಗೆ ‘ಮೋಡೊರ್’ ಎಂದು ‘ಡ’ ಕಾರ ಏಕೆ? ಡೆನ್ಮಾರ್ಕಿನ ಕಾರ್ಲ್ ವೆರ್ನರ್ 1870ರ ದಶಕದಲ್ಲಿ ಈ ಗಂಟನ್ನು ಬಿಡಿಸಿದರು. ಉತ್ತರ ಸಿಕ್ಕಿದ್ದು ವೇದದ ಸ್ವರದಲ್ಲಿ. ವೇದಪಾಠದಲ್ಲಿ ‘ಭ್ರಾತೃ’ ಶಬ್ದಕ್ಕೆ ಉದಾತ್ತ ಸ್ವರ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ‘ಪಿತೃ’, ‘ಮಾತೃ’ ಶಬ್ದಗಳಿಗೆ ಎರಡನೆಯ ಅಕ್ಷರದ ಮೇಲೆ. ಸ್ವರ ಬಿದ್ದ ಜಾಗ ಬೇರೆಯಾದ್ದರಿಂದ ವ್ಯಂಜನದ ಬದಲಾವಣೆಯೂ ಬೇರೆಯಾಯಿತು. ನಮ್ಮ ವೈದಿಕರು ಬಾಯಿಪಾಠದಲ್ಲಿ ಸಾವಿರಾರು ವರ್ಷ ಕಾಪಾಡಿದ ಸ್ವರವೊಂದು, ಇಂಗ್ಲಿಷರ ಮನೆಮಾತಿನ ಕಗ್ಗಂಟಿಗೆ ಬೀಗದ ಕೈಯಾಯಿತು. ‘ಫ್ಯಾಡೆರ್’ ಈಗಿನ ‘ಫಾದರ್’ ಆದದ್ದು ಬಹಳ ಈಚೆಗೆ, ಸುಮಾರು 1500ರ ಹೊತ್ತಿಗೆ.

‘ಡಾಟರ್’ ಶಬ್ದದ ಸ್ಪೆಲ್ಲಿಂಗಿನಲ್ಲಿ ಬರುವ ‘ಜಿ-ಎಚ್’ ಅಕ್ಷರಗಳಿಗಾಗಿ ಅಂಕ ಕಳೆದುಕೊಂಡವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಯೋ! ಅದು ಸುಮ್ಮನೆ ಸೇರಿದ ಅಕ್ಷರವಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ದುಹಿತೃ’ವಿನ ನೆಂಟಳಾದ ಈ ಮಗಳ ಹೆಸರು ‘ಡೊಹ್ಟೊರ್’. ನಡುವಿನ ಹಕಾರವನ್ನು ಗಂಟಲಿನಿಂದ ಒತ್ತಿ ಹೇಳುತ್ತಿದ್ದರು. ಉಚ್ಚಾರ ಸವೆದು ಹೋಯಿತು, ಬರವಣಿಗೆ ಉಳಿಯಿತು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ನೆಂಟಸ್ತನ ಸಂಸ್ಕೃತಕ್ಕೂ ಇಂಗ್ಲಿಷಿಗೂ ಇರುವುದು, ಕನ್ನಡಕ್ಕಲ್ಲ. ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೂ, ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲೂ ತೋರಿಸಿಕೊಟ್ಟಂತೆ ಕನ್ನಡ, ತಮಿಳು, ತೆಲುಗುಗಳ ಬಳಗವೇ ಬೇರೆ. ಅಪ್ಪ, ಅಮ್ಮ, ಅಣ್ಣ, ಅಕ್ಕ ಎಂಬುವು ಆ ದ್ರಾವಿಡ ಬಳಗದ ಮಾತುಗಳು. ಹಾಗಾದರೆ ನಮ್ಮ ‘ಅಮ್ಮ’ನಿಗೂ ಅವರ ‘ಮಮ್ಮಿ’ಗೂ ಹೋಲಿಕೆ ಏಕೆ? ಅದು ಕೂಸುಗಳ ಬಾಯಿಯಿಂದ ಬಂದದ್ದು. ಮಗು ಮೊದಲು ತುಟಿ ಸೇರಿಸಿ ನುಡಿಯುವ ಮಕಾರ, ಪಕಾರಗಳನ್ನು ಲೋಕದ ತಾಯಿತಂದೆಯರು ತಮ್ಮನ್ನೇ ಕರೆಯಿತೆಂದು ಹಿಗ್ಗಿ ಹಂಚಿಕೊಂಡಿದ್ದಾರೆ. ಹಂಚಿಕೊಳ್ಳುವಾಗ ಅದಲುಬದಲೂ ಆಗಿದೆ. ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ. ಅಷ್ಟು ದೂರ ಹೋಗುವುದೇ ಬೇಡ. ನಮ್ಮ ತುಳುನಾಡಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ.

ಇಂಗ್ಲಿಷಿನ ಸೋದರಮಾವ

ಈಗ ಮೂಲ ಪ್ರಶ್ನೆಗೆ ಬರೋಣ. ಸುಮಾರು ಕ್ರಿ.ಶ. 1100ರವರೆಗಿನ ಇಂಗ್ಲಿಷನ್ನು ಹಳೆಯ ಇಂಗ್ಲಿಷ್ ಎನ್ನುತ್ತಾರೆ. ಈಗಿನ ಇಂಗ್ಲಿಷರಿಗೆ ಅದನ್ನು ಓದುವುದು, ನಮಗೆ ಹಳಗನ್ನಡ ಓದುವುದಕ್ಕಿಂತಲೂ ಕಷ್ಟ. ಆ ಭಾಷೆಯಲ್ಲಿ ತಂದೆಯ ಅಣ್ಣತಮ್ಮಂದಿರಿಗೆ ‘ಫ್ಯಾಡೆರಾ’, ತಾಯಿಯ ಅಣ್ಣತಮ್ಮಂದಿರಿಗೆ ‘ಏಅಮ್’, ತಂದೆಯ ಅಕ್ಕತಂಗಿಯರಿಗೆ ‘ಫಥು’, ತಾಯಿಯ ಅಕ್ಕತಂಗಿಯರಿಗೆ ‘ಮೋಡ್ರಿಯೆ’ ಎಂಬ ನಾಲ್ಕು ಬೇರೆ ಬೇರೆ ಮಾತುಗಳಿದ್ದವು.

ಇವುಗಳನ್ನು ಗಮನವಿಟ್ಟು ನೋಡಿ. ‘ಫ್ಯಾಡೆರ್’ ಎಂದರೆ ಅಪ್ಪ, ‘ಫ್ಯಾಡೆರಾ’ ಎಂದರೆ ಚಿಕ್ಕಪ್ಪ ಅಥವಾ ದೊಡ್ಡಪ್ಪ. ‘ಮೋಡೊರ್’ ಎಂದರೆ ಅಮ್ಮ, ‘ಮೋಡ್ರಿಯೆ’ ಎಂದರೆ ಚಿಕ್ಕಮ್ಮ ಅಥವಾ ದೊಡ್ಡಮ್ಮ. ನಾವು ಅಪ್ಪ ಎಂಬ ಮಾತಿನಿಂದಲೇ ಚಿಕ್ಕಪ್ಪನನ್ನೂ, ಅಮ್ಮ ಎಂಬ ಮಾತಿನಿಂದಲೇ ಚಿಕ್ಕಮ್ಮನನ್ನೂ ಮಾಡಿಕೊಂಡ ಹಾಗೆಯೇ ಅವರೂ ಮಾಡಿಕೊಂಡಿದ್ದರು. ಎರಡು ಬಳಗಗಳಿಗೆ ಭಾಷೆಯ ರಕ್ತಸಂಬಂಧವಿಲ್ಲದಿದ್ದರೂ ಮನೆಯೊಳಗಿನ ಲೆಕ್ಕಾಚಾರ ಒಂದೇ ತೆರನಾಗಿತ್ತು. ಆದರೆ ಎಲ್ಲವೂ ನಮ್ಮಂತೆಯೇ ಇರಲಿಲ್ಲ. ಅಣ್ಣ–ತಮ್ಮ, ಅಕ್ಕ–ತಂಗಿ ಎಂದು ಹಿರಿಕಿರಿಯರನ್ನು ಬೇರ್ಪಡಿಸುವ ಒಂಟಿಮಾತುಗಳು ಆ ಇಂಗ್ಲಿಷಿನಲ್ಲೂ ಇರಲಿಲ್ಲ.

ಈ ನಾಲ್ವರಲ್ಲಿ ‘ಏಅಮ್’ ಎಂಬ ಸೋದರಮಾವನಿಗೆ ವಿಶೇಷ ಸ್ಥಾನ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮನ್ ಬುಡಕಟ್ಟುಗಳ ಬಗ್ಗೆ ಬರೆಯುತ್ತಾ, ಆ ಜನರಲ್ಲಿ ಅಕ್ಕತಂಗಿಯರ ಗಂಡುಮಕ್ಕಳು ತಂದೆಗೆ ಎಷ್ಟು ಪ್ರೀತಿಯೋ ಸೋದರಮಾವನಿಗೂ ಅಷ್ಟೇ ಪ್ರೀತಿ ಎಂದು ದಾಖಲಿಸಿದ್ದಾನೆ. ಕೆಲವರು ಈ ನಂಟನ್ನೇ ಹೆಚ್ಚು ಪವಿತ್ರವೆಂದು ಭಾವಿಸಿ, ಒತ್ತೆಯಾಳುಗಳನ್ನು ಕೇಳುವಾಗ ಸೋದರಳಿಯಂದಿರನ್ನೇ ಕೇಳುತ್ತಿದ್ದರಂತೆ. ಇಂಗ್ಲಿಷಿನ ಅತಿ ಹಳೆಯ ದೊಡ್ಡ ಕಾವ್ಯ ‘ಬೇವುಲ್ಫ್’ನಲ್ಲಿ, ನಾಯಕ ರಾಕ್ಷಸರನ್ನು ಕೊಂದು ಗಳಿಸಿದ ಉಡುಗೊರೆಗಳನ್ನು ತಂದು ಒಪ್ಪಿಸುವುದು ತನ್ನ ರಾಜನೂ ಸೋದರಮಾವನೂ ಆದ ಹೈಜಲಾಕನಿಗೆ. 991ರಲ್ಲಿ ಎಸೆಕ್ಸ್ ಪ್ರಾಂತದ ಮಾಲ್ಡನ್ ಎಂಬಲ್ಲಿ ವೈಕಿಂಗರೊಡನೆ ನಡೆದ ಕಾಳಗದ ಬಗ್ಗೆ ಒಂದು ಕಾವ್ಯವಿದೆ. ಅದರಲ್ಲಿ ಮೊದಲು ಗಾಯಗೊಂಡು ಬೀಳುವವರಲ್ಲಿ ಸೇನಾನಾಯಕನ ಸೋದರಳಿಯನೂ ಒಬ್ಬ. ತಂಗಿಯ ಮಗ ಮಾವನ ಬದಿಯಲ್ಲಿ ನಿಂತು ಕಾದುವುದು ಆ ಕಾಲದ ಕೇಳುಗರಿಗೆ ವಿವರಣೆ ಬೇಕಿಲ್ಲದ ಸಂಗತಿ. ಅಕ್ಕತಂಗಿಯರ ಮಕ್ಕಳಿಗೆ ಆಸ್ತಿ ಸಲ್ಲುತ್ತಿದ್ದ ಅಳಿಯಸಂತಾನ ಕಟ್ಟನ್ನು ಕಂಡ ಕರಾವಳಿಯವರಿಗಂತೂ ಇದು ಹೊಸದಾಗಿ ತೋರಲಾರದು.

ಫ್ರಾನ್ಸಿನಿಂದ ಬಂದ ನೆಂಟರು

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ಪ್ರಭು ವಿಲಿಯಂ, ಹೇಸ್ಟಿಂಗ್ಸ್ ಯುದ್ಧದಲ್ಲಿ ಗೆದ್ದು ಇಂಗ್ಲೆಂಡಿನ ರಾಜನಾದ. ನಮ್ಮ ಇತಿಹಾಸ ಪಾಠದಲ್ಲಿ ಇದು ಒಂದು ಇಸವಿ ಮಾತ್ರ. ಇಂಗ್ಲಿಷ್ ಭಾಷೆಗೆ ಅದು ಮಹಾ ತಿರುವು. ಅರಮನೆಯಲ್ಲಿ, ಜಮೀನ್ದಾರರ ಮನೆಯಲ್ಲಿ, ನ್ಯಾಯಾಲಯದಲ್ಲಿ ಫ್ರೆಂಚ್ ಕುಳಿತಿತು. ಚರ್ಚಿನಲ್ಲಿ, ದಫ್ತರದಲ್ಲಿ ಲ್ಯಾಟಿನ್. ಹೊಲ ಉಳುವವರ, ಹಾಲು ಕರೆಯುವವರ ಬಾಯಲ್ಲಿ ಮಾತ್ರ ಇಂಗ್ಲಿಷ್ ಉಳಿಯಿತು. ನ್ಯಾಯಾಲಯದ ವಾದವನ್ನು ಜನರ ಭಾಷೆಯಾದ ಇಂಗ್ಲಿಷಿನಲ್ಲಿ ನಡೆಸಬೇಕೆಂದು ಕಾನೂನು ಆಗಲು 1362ರವರೆಗೆ ಕಾಯಬೇಕಾಯಿತು.

ಈ ಮೂರು ನೂರು ವರ್ಷಗಳಲ್ಲಿ ಇಂಗ್ಲಿಷರ ಮನೆಯೊಳಕ್ಕೆ ಹೊಸ ಮಾತುಗಳು ಬಂದವು: ಅಂಕಲ್, ಆಂಟ್, ನೆಫ್ಯೂ, ನೀಸ್, ಕಸಿನ್. ಐದೂ ಫ್ರೆಂಚಿನಿಂದ ಬಂದವು, ಅದಕ್ಕೂ ಹಿಂದೆ ಲ್ಯಾಟಿನ್‌ನವು. ಲ್ಯಾಟಿನ್‌ನಲ್ಲಿ ಇವುಗಳ ಅರ್ಥ ಏನಿತ್ತು ಎಂಬುದೇ ಸ್ವಾರಸ್ಯ.

ಲ್ಯಾಟಿನ್‌ನಲ್ಲೂ ನಾಲ್ಕು ಮಾತುಗಳಿದ್ದವು. ತಂದೆಯ ಸೋದರ ‘ಪತ್ರುಉಸ್’, ತಾಯಿಯ ಸೋದರ ‘ಅವುಂಕುಲುಸ್’, ತಂದೆಯ ಸೋದರಿ ‘ಅಮಿತಾ’, ತಾಯಿಯ ಸೋದರಿ ‘ಮಾತೆರ್ತೆರಾ’. ತಂದೆಯ ‘ಪಾತೆರ್’ನಿಂದ ಪತ್ರುಉಸ್, ತಾಯಿಯ ‘ಮಾತೆರ್’ನಿಂದ ಮಾತೆರ್ತೆರಾ, ಇಲ್ಲೂ ಅದೇ ಚಿಕ್ಕಪ್ಪ, ಚಿಕ್ಕಮ್ಮಂದಿರ ಲೆಕ್ಕ. ಲ್ಯಾಟಿನ್ ಸವೆದು ಫ್ರೆಂಚ್ ಆಗುವಷ್ಟರಲ್ಲಿ ಎರಡು ಮಾತುಗಳು ಬಿದ್ದುಹೋಗಿ ಎರಡೇ ಉಳಿದವು. ಅವುಂಕುಲುಸ್ ಎಂಬುದು ಅಂಕಲ್ ಆಯಿತು. ಅಮಿತಾ ಎಂಬುದು ಆಂಟ್ ಆಯಿತು.

ಅಂದರೆ ಹುಟ್ಟಿನಲ್ಲಿ ಅಂಕಲ್ ಎಂದರೆ ಸೋದರಮಾವ, ಆಂಟಿ ಎಂದರೆ ಸೋದರತ್ತೆ! ಚಿಕ್ಕಪ್ಪ, ಚಿಕ್ಕಮ್ಮಂದಿರಿಗೆ ಆ ಮಾತುಗಳಲ್ಲಿ ಜಾಗವೇ ಇರಲಿಲ್ಲ. ಅವರು ಆಮೇಲೆ ಒಳಗೆ ಸೇರಿಕೊಂಡವರು. ಕಸಿನ್ ಕೂಡ ಮೂಲದಲ್ಲಿ ‘ಕೊನ್ಸೊಬ್ರೀನುಸ್’, ತಾಯಿಯ ಅಕ್ಕತಂಗಿಯರ ಮಕ್ಕಳು ಮಾತ್ರ. ಈಗ ನಾಲ್ಕೂ ಕಡೆಯ ಮಕ್ಕಳು ಕಸಿನ್‌ಗಳೇ.

ಹಳೆಯ ‘ಏಅಮ್’ ಒಂದೇ ದಿನದಲ್ಲಿ ಮನೆ ಬಿಟ್ಟು ಹೋಗಲಿಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ಬರೆದ ‘ಟ್ರಾಯ್ಲಸ್ ಅಂಡ್ ಕ್ರಿಸೇಡ್’ ಕಾವ್ಯದಲ್ಲಿ ಪ್ಯಾಂಡರಸ್ ಎಂಬ ಒಬ್ಬನೇ ವ್ಯಕ್ತಿಯನ್ನು ಒಮ್ಮೆ ‘ಏಮ್’ ಎಂದೂ ಇನ್ನೊಮ್ಮೆ ‘ಅಂಕಲ್’ ಎಂದೂ ಕರೆಯಲಾಗಿದೆ. ಎರಡು ಮಾತುಗಳೂ ಒಂದೇ ಮನೆಯಲ್ಲಿ ಅಕ್ಕಪಕ್ಕ ಕುಳಿತಿದ್ದ ಕಾಲ ಅದು. ಆಮೇಲೆ ಏಮ್ ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಹಳ್ಳಿಮಾತಿಗೆ ಸರಿಯಿತು, ಕೊನೆಗೆ ಅಲ್ಲೂ ಮರೆಯಾಯಿತು. ಇಂಗ್ಲಿಷಿನ ನೆಂಟ ಭಾಷೆಯಾದ ಸ್ವೀಡಿಷ್‌ನಲ್ಲಿ ಮಾತ್ರ ಇಂದಿಗೂ ಚಿಕ್ಕಪ್ಪ ‘ಫಾರ್‌ಬ್ರೂರ್’, ಸೋದರಮಾವ ‘ಮೂರ್‌ಬ್ರೂರ್’. ಅಂದರೆ ಅಪ್ಪನ ತಮ್ಮ, ಅಮ್ಮನ ತಮ್ಮ ಎಂದು ಬಿಡಿಸಿ ಹೇಳುವ ಮಾತುಗಳು. ಹೀಗಿರುವಾಗ, ಶಬ್ದಗಳು ಕಡಿಮೆಯಾದದ್ದು ಯುರೋಪಿನ ಹವೆಯ ಗುಣ ಎನ್ನಲಾಗದು.

ಒಂದು ವಿಂಗಡಣೆಯನ್ನು ಗಮನಿಸಬೇಕು. ಒಲೆಯ ಸುತ್ತ ಕೂರುವವರ ಹೆಸರುಗಳು, ಅಂದರೆ ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮಂದಿರು, ಇವು ಕದಲಲಿಲ್ಲ. ಒಲೆಯಿಂದ ಒಂದು ಹೆಜ್ಜೆ ಆಚೆ ಇರುವವರ ಹೆಸರುಗಳು, ಆಸ್ತಿಪತ್ರದಲ್ಲಿ ಸಾಕ್ಷಿಗೋ ಹಕ್ಕಿಗೋ ಬರುವವರ ಹೆಸರುಗಳು ಫ್ರೆಂಚ್ ಆದವು. ವಾರಸುದಾರನಿಗೆ ‘ಏರ್’, ಪೋಷಕನಿಗೆ ‘ಗಾರ್ಡಿಯನ್’, ಮದುವೆಗೆ ‘ಮ್ಯಾರೇಜ್’, ಹೆತ್ತವರಿಗೆ ‘ಪೇರೆಂಟ್ಸ್’, ಇವೆಲ್ಲವೂ ಫ್ರೆಂಚ್ ದಾರಿಯಲ್ಲಿ ಬಂದವು. ಅಜ್ಜನ ಹೆಸರಲ್ಲಂತೂ ಎರಡೂ ಬೆರೆತಿವೆ. ಹಳೆಯ ಇಂಗ್ಲಿಷಿನಲ್ಲಿ ಅಜ್ಜ ‘ಎಯಾಲ್ಡೆಫ್ಯಾಡೆರ್’, ಅಂದರೆ ಮುದಿ ಅಪ್ಪ. ಆಮೇಲೆ ಫ್ರೆಂಚಿನ ‘ಗ್ರ್ಯಾಂಡ್’ ಅನ್ನು ಇಂಗ್ಲಿಷಿನ ‘ಫಾದರ್’ಗೆ ಕಟ್ಟಿ ಗ್ರ್ಯಾಂಡ್‌ಫಾದರ್ ಮಾಡಿದರು. ಟೋಪಿ ಫ್ರೆಂಚರದು, ಕೆಳಗಿನ ಮುಖ ಇಂಗ್ಲಿಷರದು.

ಚರ್ಚಿನ ಕಾನೂನೂ ಇದರಲ್ಲಿ ಕೈ ಹಾಕಿತು. ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಣ್ಣತಂಗಿಯರು. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಹೆಣ್ಣು ಕೊಟ್ಟು ತರಬಹುದಾದವರು. ಆದ್ದರಿಂದಲೇ ಗಂಡನ ತಂದೆಯನ್ನೂ ತಾಯಿಯ ಸೋದರನನ್ನೂ ‘ಮಾವ’ ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬುದು ಕನ್ನಡದ ಸಂಬಂಧವಾಚಕಗಳ ಒಳಗೇ ಅಡಗಿದೆ. ಯುರೋಪಿನ ಚರ್ಚು 1215ರ ಲ್ಯಾಟರನ್ ಮಹಾಸಭೆಯಲ್ಲಿ, ನಾಲ್ಕನೆಯ ತಲೆಯವರೆಗೆ ಯಾವ ಕಡೆಯ ರಕ್ತಸಂಬಂಧಿಯನ್ನೂ ಮದುವೆಯಾಗಕೂಡದೆಂದು ನಿರ್ಧರಿಸಿತು. ಅದಕ್ಕೆ ಮುಂಚೆ ಏಳನೆಯ ತಲೆಯವರೆಗೂ ನಿಷೇಧವಿತ್ತು. ತಂದೆಯ ಕಡೆ, ತಾಯಿಯ ಕಡೆ ಎಂಬ ಭೇದ ಮದುವೆಯ ಲೆಕ್ಕಕ್ಕೆ ಬೇಡವಾದ ಮೇಲೆ, ಆ ಭೇದವನ್ನು ಕಾಯುತ್ತಿದ್ದ ಮಾತುಗಳಿಗೂ ಕೆಲಸ ಕಡಿಮೆಯಾಯಿತು ಎಂದು ತಿಳಿಯಬಹುದು.

ಕಾನೂನಿನ ಅತ್ತೆ, ಕಾನೂನಿನ ಸೊಸೆ

‘ಮದರ್-ಇನ್-ಲಾ’ ಎಂದರೆ ಅಕ್ಷರಶಃ ಕಾನೂನಿನ ತಾಯಿ. ಈ ಕಾನೂನು ಸರ್ಕಾರದ್ದಲ್ಲ, ಮೇಲೆ ಹೇಳಿದ ಚರ್ಚಿನದು. ಮದುವೆಯಿಂದಾದ ನೆಂಟರೂ ರಕ್ತಸಂಬಂಧಿಗಳ ಹಾಗೆಯೇ ನಿಷಿದ್ಧರು ಎಂಬುದು ಆ ಮಾತಿನ ಹುರುಳು. ಅದಕ್ಕೆ ಮುಂಚೆ ಇಂಗ್ಲಿಷಿನಲ್ಲಿ ಇವರಿಗೆಲ್ಲ ಒಂಟಿಮಾತುಗಳೇ ಇದ್ದವು. ಮಾವ ‘ಸ್ವೇಓರ್’, ಅತ್ತೆ ‘ಸ್ವೆಯೆರ್’, ಸೊಸೆ ‘ಸ್ನೊರು’, ಗಂಡನ ಸೋದರ ‘ಟಾಕೊರ್’. ಸಂಸ್ಕೃತದ ಶ್ವಶುರ, ಶ್ವಶ್ರೂ, ಸ್ನುಷಾ, ದೇವೃ ಎಂಬವು ಇವರ ದೂರದ ನೆಂಟರು. ‘ಸ್ನುಷಾ’ ಶಬ್ದದ ತದ್ಭವವೇ ನಮ್ಮ ‘ಸೊಸೆ’ ಎಂದು ವ್ಯಾಕರಣದಲ್ಲಿ ಓದಿದ್ದೇವೆ. ಇಂಗ್ಲಿಷರು ಕಳೆದುಕೊಂಡ ಸೊಸೆ ಹೀಗೆ ಕನ್ನಡದ ಮನೆಯಲ್ಲಿ ಸುಖವಾಗಿದ್ದಾಳೆ.

ಒಂದು ಮಾತು ಜನರ ಬದುಕನ್ನು ಎಷ್ಟು ಕಟ್ಟಿಹಾಕಬಲ್ಲದು ಎಂಬುದಕ್ಕೆ ‘ಸಿಸ್ಟರ್-ಇನ್-ಲಾ’ ಸಾಕ್ಷಿ. ಹೆಂಡತಿ ತೀರಿಕೊಂಡ ಮೇಲೆ, ತಬ್ಬಲಿ ಮಕ್ಕಳನ್ನು ನೋಡಿಕೊಳ್ಳಲೆಂದು ಅವಳ ತಂಗಿಯನ್ನೇ ಮದುವೆಯಾಗುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿತ್ತು. ಇಂಗ್ಲೆಂಡಿನಲ್ಲಿ ಅವಳು ಕಾನೂನಿನ ಪ್ರಕಾರ ‘ಸೋದರಿ’. 1835ರ ಕಾಯಿದೆ ಅಂಥ ಮದುವೆಗಳನ್ನು ಅಸಿಂಧುವೆಂದಿತು. ವರ್ಷವರ್ಷವೂ ಪಾರ್ಲಿಮೆಂಟಿನಲ್ಲಿ ವಾದವಾದ ಮೇಲೆ 1907ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿ ಅದಕ್ಕೆ ಒಪ್ಪಿಗೆ ಕೊಟ್ಟರು.

ಮಲತಾಯಿಗೆ ‘ಸ್ಟೆಪ್‌ಮದರ್’ ಎನ್ನುತ್ತಾರೆ. ಮೆಟ್ಟಿಲಿಗೂ ಈ ‘ಸ್ಟೆಪ್’ಗೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನ ‘ಸ್ಟೇಓಪ್’ ಎಂಬ ಈ ಪೂರ್ವಪದಕ್ಕೆ ಹೆತ್ತವರನ್ನು ಕಳೆದುಕೊಂಡ ದುಃಖದ ಅರ್ಥವಿತ್ತು. ‘ಸ್ಟೆಪ್‌ಚೈಲ್ಡ್’ ಎಂದರೆ ಮೊದಲಿಗೆ ತಬ್ಬಲಿ ಮಗು. ಆ ಮಗುವಿಗೆ ತಾಯಿಯಾಗಿ ಬಂದವಳು ಸ್ಟೆಪ್‌ಮದರ್. ಕಥೆಗಳಲ್ಲಿ ಅವಳಿಗೆ ಎಷ್ಟೇ ಕೆಟ್ಟ ಹೆಸರಿದ್ದರೂ ಶಬ್ದದ ಒಳಗಿರುವುದು ಮಗುವಿನ ಮೇಲಿನ ಕನಿಕರವೇ.

ಗಂಡ, ಹೆಂಡತಿ, ಕುಟುಂಬ

ಫ್ರೆಂಚರಿಗೂ ಮುಂಚೆ, ಒಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಡೆನ್ಮಾರ್ಕ್ ಕಡೆಯ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿ ಒಕ್ಕಲಾದರು. ಅವರೊಡನೆ ಬಂದ ಮಾತು ‘ಹಸ್ಬೆಂಡ್’. ‘ಹೂಸ್’ ಎಂದರೆ ಮನೆ, ‘ಬೋಂಡಿ’ ಎಂದರೆ ನೆಲೆನಿಂತವನು. ಹಸ್ಬೆಂಡ್ ಎಂದರೆ ಮನೆವಾರ್ತೆಯುಳ್ಳ ಗೃಹಸ್ಥ. ಹೆಂಡತಿ ಇರಲಿ ಇಲ್ಲದಿರಲಿ, ಮನೆ ಇದ್ದವನು ಹಸ್ಬೆಂಡ್. ವ್ಯವಸಾಯಕ್ಕೆ ‘ಹಸ್ಬೆಂಡ್ರಿ’ ಎನ್ನುವುದು ಅದೇ ಕಾರಣಕ್ಕೆ. ನಮ್ಮ ಪಶುಸಂಗೋಪನಾ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿ ಆ ಹಳೆಯ ಗೃಹಸ್ಥ ಇನ್ನೂ ದನ ಸಾಕುತ್ತಿದ್ದಾನೆ. ‘ವೈಫ್’ ಎಂದರೆ ಮೊದಲಿಗೆ ಬರಿ ಹೆಂಗಸು. ಹೆರಿಗೆಯ ಹೊತ್ತಿನಲ್ಲಿ ಹೆಂಗಸಿನ ಜೊತೆಗಿರುವವಳೇ ‘ಮಿಡ್‌ವೈಫ್’. ‘ಮಿಡ್’ ಎಂದರೆ ಜೊತೆ. ನಾವು ‘ಹೆಂಗಸರು’ ಎಂಬುದನ್ನು ಮನೆಯವರು ಎಂಬ ಅರ್ಥದಲ್ಲಿ ಆಡುವುದೂ ಇಂಥದ್ದೇ. ‘ಸಿಸ್ಟರ್’ ಕೂಡ ವೈಕಿಂಗರ ಉಚ್ಚಾರವೇ. ಹಳೆಯ ಇಂಗ್ಲಿಷಿನ ‘ಸ್ವೆಓಸ್ಟೊರ್’ ಎಂಬುದನ್ನು ಅವರ ‘ಸಿಸ್ಟಿರ್’ ಪಕ್ಕಕ್ಕೆ ಸರಿಸಿತು.

‘ಫ್ಯಾಮಿಲಿ’ ಎಂಬ ಮಾತಿನ ಮೂಲ ಕೇಳಿದರೆ ಆಶ್ಚರ್ಯವಾದೀತು. ಲ್ಯಾಟಿನ್‌ನಲ್ಲಿ ‘ಫಾಮುಲುಸ್’ ಎಂದರೆ ಆಳು, ಗುಲಾಮ. ಒಂದು ಮನೆಯ ಆಳುಕಾಳುಗಳ ಸಮೂಹವೇ ‘ಫಾಮಿಲಿಯಾ’; ಕ್ರಮೇಣ ಯಜಮಾನನ ಕೈಕೆಳಗಿನ ಇಡೀ ಮನೆ. ಸುಮಾರು ಆರುನೂರು ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂದಾಗಲೂ ಅದರೊಳಗೆ ಆಳುಗಳಿದ್ದರು. ಲಂಡನ್ನಿನ ಸ್ಯಾಮುಯೆಲ್ ಪೀಪ್ಸ್ 1660ರಲ್ಲಿ ತನ್ನ ಪ್ರಸಿದ್ಧ ದಿನಚರಿಯನ್ನು ಶುರು ಮಾಡುವಾಗ ಫ್ಯಾಮಿಲಿಯಲ್ಲಿ ಮೂವರೆಂದು ಲೆಕ್ಕ ಹಾಕಿದ್ದಾನೆ: ತಾನು, ಹೆಂಡತಿ, ಮನೆಗೆಲಸದ ಜೇನ್. ಗಂಡ, ಹೆಂಡತಿ, ಮಕ್ಕಳಿಷ್ಟೇ ಫ್ಯಾಮಿಲಿ ಎಂಬ ಅರ್ಥ ಗಟ್ಟಿಯಾದದ್ದು ಆ ಕಾಲದಿಂದ ಈಚೆಗೆ.

ಇನ್ನೆರಡು ಮಾತು ಹೇಳಿ ಈ ಭಾಗ ಮುಗಿಸುತ್ತೇನೆ. ‘ನೆಫ್ಯೂ’ ಲ್ಯಾಟಿನ್‌ನ ‘ನೆಪೋಸ್’ನಿಂದ ಬಂದದ್ದು, ಅದಕ್ಕೆ ಮೊಮ್ಮಗ ಎಂಬ ಅರ್ಥವೂ ಇತ್ತು. ಹಿಂದೆ ಕೆಲವು ಪೋಪರು ತಮ್ಮ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳಿಗೆ ದೊಡ್ಡ ಹುದ್ದೆಗಳನ್ನು ಕೊಡುತ್ತಿದ್ದರು. ಆ ಚಾಳಿಗೆ ಬಿದ್ದ ಹೆಸರೇ ‘ನೆಪೋಟಿಸಂ’, ನಮ್ಮ ಸ್ವಜನಪಕ್ಷಪಾತ. 1692ರಲ್ಲಿ ಹನ್ನೆರಡನೆಯ ಇನೊಸೆಂಟ್ ಎಂಬ ಪೋಪರೇ ಇದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರು. ಇನ್ನು ‘ಸಿಬ್ಲಿಂಗ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಯಾವುದೇ ನೆಂಟ. ಅದು ಸತ್ತುಹೋಗಿದ್ದ ಮಾತು. ಒಡಹುಟ್ಟಿದವರು ಎಂಬ ಅರ್ಥಕ್ಕೆ ಒಂದೇ ಪದ ಬೇಕೆಂದು ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಎತ್ತಿ ತಂದು ಮತ್ತೆ ಬಳಕೆಗೆ ಬಿಟ್ಟರು. ಈಗ ಎಲ್ಲ ಅರ್ಜಿಗಳಲ್ಲೂ ಅದಕ್ಕೆ ಒಂದು ಕಾಲಂ ಇದೆ. ಕಳೆದುಹೋದ ಮಾತನ್ನು ಬೇಕೆಂದರೆ ಮತ್ತೆ ತರಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

ನಮ್ಮ ಮನೆಗಳ ಸರದಿ

ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮೋರ್ಗನ್ ಎಂಬುವರು ಲೋಕದ ನಾನಾ ಜನಾಂಗಗಳ ಸಂಬಂಧವಾಚಕಗಳನ್ನು ಕಲೆಹಾಕಿ 1871ರಲ್ಲಿ ಒಂದು ಭಾರಿ ಗ್ರಂಥ ಪ್ರಕಟಿಸಿದರು. ಅದರ ಪಟ್ಟಿಗಳಲ್ಲಿ ತಮಿಳು, ತೆಲುಗುಗಳ ಜೊತೆ ಕನ್ನಡವೂ ಇದೆ. ತಂದೆಯ ಸೋದರನನ್ನು ಅಪ್ಪನೆಂದೂ ತಾಯಿಯ ಸೋದರಿಯನ್ನು ಅಮ್ಮನೆಂದೂ ಕರೆಯುವ ದಕ್ಷಿಣ ಭಾರತದ ಪದ್ಧತಿಯನ್ನು ಕಂಡು ಅವರು ಬೆರಗಾದರು. ತಮ್ಮ ನೆರೆಯ ಇರೊಕ್ವಾ ಮೂಲನಿವಾಸಿಗಳಲ್ಲೂ ಅದೇ ಬಗೆಯ ಲೆಕ್ಕವನ್ನು ಅವರು ಮೊದಲೇ ಕಂಡಿದ್ದರು. ನಾವು ದಿನವೂ ಆಡುವ ದೊಡ್ಡಪ್ಪ, ಅತ್ತೆಗಳು ಹೀಗೆ ಮಾನವಶಾಸ್ತ್ರವೆಂಬ ವಿದ್ಯೆಯ ಆರಂಭದ ಪುಟಗಳಲ್ಲೇ ಸೇರಿವೆ.

ಈ ಸಂಪತ್ತು ನಮ್ಮ ಶಾಲೆಯ ಮಟ್ಟಿಗೆ ಬರಿ ವ್ಯಾಕರಣದ ವಿಷಯವಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹೈಸ್ಕೂಲಿಲ್ಲದ, ಬಸ್ಸೂ ಇಲ್ಲದ ವರ್ಷಗಳಲ್ಲಿ ಎಷ್ಟೋ ಮಕ್ಕಳು ಈ ಊರಿನ ಸೋದರಮಾವನ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಉಳಿದು ಎಸ್.ಎಸ್.ಎಲ್.ಸಿ. ಮುಗಿಸಿದರು. ದಾಖಲಾತಿಯ ಹೊತ್ತಿನಲ್ಲಿ ಪೋಷಕರ ಹೆಸರು ಹೇಳಿ, ‘ಸಂಬಂಧ ಏನು?’ ಎಂದರೆ ‘ಸೋದರಮಾವ ಸಾರ್’ ಎನ್ನುತ್ತಿದ್ದರು. ಆ ಒಂದು ಮಾತು ಸಾಕಾಗಿತ್ತು. ಹುಡುಗ ಯಾಕೆ ಇಲ್ಲಿದ್ದಾನೆ, ಅವನ ಊಟ, ಪುಸ್ತಕ ಯಾರ ಹೊಣೆ, ತಪ್ಪು ಮಾಡಿದರೆ ಯಾರಿಗೆ ಹೇಳಿ ಕಳಿಸಬೇಕು ಎಂಬುದೆಲ್ಲ ಅದರಲ್ಲೇ ಇರುತ್ತಿತ್ತು. ತಂಗಿಯ ಮಗನನ್ನು ಓದಿಸಿದ ಆ ಮಾವಂದಿರು, ತಟ್ಟೆಗೆ ಅನ್ನ ಬಡಿಸಿದ ಆ ಅತ್ತೆಯರು ಈ ಶಾಲೆಯ ಐವತ್ತು ವರ್ಷಗಳಲ್ಲಿ ಪಾಲುದಾರರು. ಯಾವ ಫಲಕದ ಮೇಲೂ ಅವರ ಹೆಸರು ಬಂದಿಲ್ಲ.

ಈಗ ಕಾಲ ಬದಲಾಗಿದೆ. ಅಂಗಡಿಯವರು, ಬಸ್ಸಿನಲ್ಲಿ ಪಕ್ಕ ಕುಳಿತವರು ಅಂಕಲ್ ಆಂಟಿಯರಾದರೆ ಚಿಂತೆಯಿಲ್ಲ. ಹೊರಗಿನವರಿಗೆ ಒಂದು ಮರ್ಯಾದೆಯ ಮಾತು ಬೇಕು. ಆದರೆ ಮನೆಯೊಳಗೆ ಚಿಕ್ಕಪ್ಪನೂ ಅಂಕಲ್, ಮಾವನೂ ಅಂಕಲ್ ಆಗುತ್ತಿರುವುದನ್ನು ನಮ್ಮೂರಿನಲ್ಲೂ ಕೇಳುತ್ತಿದ್ದೇನೆ. ವಾರಗಿತ್ತಿ ‘ಕೋ-ಸಿಸ್ಟರ್’, ಷಡ್ಡಕ ‘ಕೋ-ಬ್ರದರ್’ ಆಗಿದ್ದಾರೆ. ಈ ಎರಡು ಮಾತುಗಳನ್ನು ಕೇಳಿದರೆ ಇಂಗ್ಲೆಂಡಿನವರಿಗೇ ಅರ್ಥವಾಗುವುದಿಲ್ಲ. ‘ಕಸಿನ್ ಬ್ರದರ್’ ಎಂಬುದೂ ಹಾಗೆಯೇ. ದೊಡ್ಡಪ್ಪನ ಮಗನನ್ನು ಬರಿ ಕಸಿನ್ ಎಂದು ಹೇಳಿ ಬಿಡಲು ಮನಸ್ಸು ಒಪ್ಪದೆ ನಮ್ಮವರು ‘ಬ್ರದರ್’ ಅಂಟಿಸಿದ್ದಾರೆ. ತರಗತಿಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ತಿದ್ದುವುದು ನನ್ನ ಕೆಲಸವಾಗಿತ್ತು. ಆದರೂ ಬರೆದವನ ಮನಸ್ಸಿನಲ್ಲಿದ್ದದ್ದು ಅಣ್ಣನೇ ಎಂಬುದು ನನಗೆ ತಿಳಿಯುತ್ತಿತ್ತು.

ಇಂಗ್ಲಿಷ್ ಕಲಿಯಬಾರದೆಂದು ನಾನು ಹೇಳಿದರೆ ನನ್ನ ವೃತ್ತಿಗೇ ದ್ರೋಹ ಬಗೆದಂತೆ. ಚೆನ್ನಾಗಿ ಕಲಿಯಬೇಕು. ಅಂಕಲ್ ಎಂಬುದು ಎಲ್ಲಿಂದ ಬಂತೆಂದು ತಿಳಿಯುವಷ್ಟು ಆಳವಾಗಿ ಕಲಿಯಬೇಕು. ಹಾಗೆ ಕಲಿತವರಿಗೆ ಒಂದು ಸಂಗತಿ ಕಾಣುತ್ತದೆ. ಇಂಗ್ಲಿಷರಿಂದ ಅವರ ‘ಏಅಮ್’ನನ್ನು ಯಾರೂ ಕತ್ತಿ ತೋರಿಸಿ ಕಿತ್ತುಕೊಳ್ಳಲಿಲ್ಲ. ದೊಡ್ಡವರ ಮನೆಯ ಮಾತು ಹೆಚ್ಚು ಘನವೆಂದು ತೋರಿತು, ಮಕ್ಕಳ ಬಾಯಿಗೆ ಅದೇ ಹತ್ತಿತು; ಎಂಟು ಹತ್ತು ತಲೆಮಾರಿನಲ್ಲಿ ಹಳೆಯದು ಮರೆಯಾಯಿತು. ಇಂದು ಆ ಭೇದವನ್ನು ಹೇಳಬೇಕಾದರೆ ಅವರು ‘ಮೆಟರ್ನಲ್ ಅಂಕಲ್’ ಎಂದು ಲ್ಯಾಟಿನ್ ಪದ ಸ್ವಾಲ ತಂದು, ವಕೀಲರ ಭಾಷೆಯಲ್ಲಿ ಹೇಳಬೇಕಾಗಿದೆ.

ನಮ್ಮ ಮಾತುಗಳು ಇನ್ನೂ ಬಾಯಲ್ಲಿವೆ. ಈಗಿನ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಎಂಟನೆಯ ತರಗತಿಯ ಮಕ್ಕಳಿಂದ ಅವರವರ ಮನೆಯ ಸಂಬಂಧದ ಮಾತುಗಳನ್ನು ಬರೆಸಿ. ಉರ್ದು ಮನೆಯ ಮಗು ಚಾಚಾ, ಮಾಮೂ, ಫೂಫಿ, ಖಾಲಾ ಎಂದು ನಾಲ್ಕನ್ನೂ ಬಿಡಿಸಿ ಬರೆಯುತ್ತದೆ. ತೆಲುಗು, ತಮಿಳು, ಲಂಬಾಣಿ, ತುಳು ಮನೆಗಳ ಮಕ್ಕಳು ತಮ್ಮ ತಮ್ಮ ಮಾತುಗಳನ್ನು ಕೊಡುತ್ತಾರೆ. ಬರೆಯುವಾಗ ತಿಳಿಯದಿದ್ದರೆ ಅಜ್ಜಿಯನ್ನು ಕೇಳಿ ಬರಲಿ. ಒಂದು ನೋಟ್‌ಪುಸ್ತಕ ತುಂಬಿದರೂ ಅದು ಶಾಲೆಯ ಗ್ರಂಥಾಲಯದಲ್ಲಿ ಇಡಬೇಕಾದ ಪುಸ್ತಕವೇ.

ಮಹೋತ್ಸವಕ್ಕೆ ಬೆಂಗಳೂರಿನಿಂದ, ಮುಂಬಯಿಯಿಂದ, ಹೊರದೇಶಗಳಿಂದ ಹಳೆಯ ವಿದ್ಯಾರ್ಥಿಗಳು ಮಕ್ಕಳೊಡನೆ ಬರಲಿದ್ದಾರೆ ಎಂದು ಕೇಳಿದೆ. ಅವರಲ್ಲಿ ಮಾವನ ಮನೆಯಲ್ಲಿ ಉಳಿದು ಓದಿದವರಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಆ ಮನೆಗೊಮ್ಮೆ ಹೋಗಿ ಬನ್ನಿ. ಮಾವ ಅತ್ತೆ ಇದ್ದರೆ ಮಕ್ಕಳಿಂದ ನಮಸ್ಕಾರ ಮಾಡಿಸಿ, ಅವರು ನಿಮಗೆ ಏನಾಗಬೇಕೆಂಬುದನ್ನು ಕನ್ನಡದಲ್ಲೇ ಹೇಳಿಕೊಡಿ. ನಮ್ಮ ಶಾಲೆ ನೂರು ವರ್ಷ ಕಾಣಲಿ.